ಚಾರ್ಲ್ಸ್ ಹ್ಯಾಮಿಲ್ಟನ್ ಹ್ಯೂಸ್ಟನ್: ನ್ಯಾಯಕ್ಕಾಗಿ ವಿದ್ಯಾಲಯವನ್ನು ಕಟ್ಟಿದ ಪ್ರಾಧ್ಯಾಪಕ

ಚಾರ್ಲ್ಸ್ ಹ್ಯಾಮಿಲ್ಟನ್ ಹ್ಯೂಸ್ಟನ್ (1895–1950) ಅಮೆರಿಕದ ನ್ಯಾಯವಾದಿ, ಕಾನೂನು ಪ್ರಾಧ್ಯಾಪಕ ಮತ್ತು ವಾಷಿಂಗ್ಟನ್ ನಗರದ ಹೋವರ್ಡ್ ವಿಶ್ವವಿದ್ಯಾಲಯದ ಕಾನೂನು ಶಾಲೆಯ ಮುಖ್ಯಸ್ಥರು. ಕಪ್ಪು ವರ್ಣದ ಮಕ್ಕಳನ್ನು ಬಿಳಿಯ ಮಕ್ಕಳಿಂದ ಬೇರ್ಪಡಿಸಿ ಓದಿಸುವುದು ಸಂವಿಧಾನಕ್ಕೆ ವಿರುದ್ಧವೆಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯವು 1954ರಲ್ಲಿ ತೀರ್ಪಿತ್ತಾಗ ಹ್ಯೂಸ್ಟನ್ ಅವರು ನಿಧನರಾಗಿ ನಾಲ್ಕು ವರ್ಷಗಳಾಗಿದ್ದವು. ಆದರೆ ಆ ಮೊಕದ್ದಮೆಗಳನ್ನು ವಾದಿಸಿದ ಪ್ರಮುಖ ವಕೀಲರಲ್ಲಿ ಹಲವರು ಅವರ ತರಗತಿಯಿಂದ, ಅವರು ಕಟ್ಟಿದ ಶಾಲೆಯಿಂದ ಬಂದವರು. ವಾದದ ಕ್ರಮವೂ ಬಹುಪಾಲು ಅವರು ರೂಪಿಸಿದ್ದೇ ಆಗಿತ್ತು. ಒಬ್ಬ ಅಧ್ಯಾಪಕನು ಒಂದು ವಿದ್ಯಾಸಂಸ್ಥೆಯನ್ನು ಸರಿಯಾಗಿ ಕಟ್ಟಿದರೆ ಅದರ ಫಲ ಎಷ್ಟು ದೂರ ಸಾಗಬಲ್ಲದು, ಆ ಕಟ್ಟುವಿಕೆಗೆ ಎಂಥ ಬೆಲೆ ತೆರಬೇಕಾಗುತ್ತದೆ ಎಂಬುದಕ್ಕೆ ಅವರ ಜೀವನ ಒಂದು ನಿದರ್ಶನ. ವಿದ್ಯಾಸಂಸ್ಥೆಗಳನ್ನು ನಡೆಸುವವರೂ ಮಕ್ಕಳನ್ನು ಕಾನೂನು ಶಿಕ್ಷಣಕ್ಕೆ ಕಳುಹಿಸುವ ಪೋಷಕರೂ ಅರಿಯಬೇಕಾದ ಜೀವನವಿದು.

ಕಾಲದ ಹಿನ್ನೆಲೆ

ಅಮೆರಿಕದಲ್ಲಿ ಗುಲಾಮಗಿರಿಯು 1865ರಲ್ಲಿ ಕಾನೂನಿನಂತೆ ಕೊನೆಗೊಂಡಿತು. ಅನಂತರ ಬಂದ ಸಂವಿಧಾನದ 14ನೆಯ ತಿದ್ದುಪಡಿಯು ಎಲ್ಲರಿಗೂ ಕಾನೂನಿನ ಸಮಾನ ರಕ್ಷಣೆಯ ಭರವಸೆಯನ್ನಿತ್ತಿತು. ಆದರೆ ದಕ್ಷಿಣದ ರಾಜ್ಯಗಳು ರೈಲುಗಾಡಿ, ಶಾಲೆ, ಉದ್ಯಾನ, ಆಸ್ಪತ್ರೆಗಳಲ್ಲೆಲ್ಲ ಕಪ್ಪು ಜನರನ್ನು ಪ್ರತ್ಯೇಕವಾಗಿ ಇರಿಸುವ ಶಾಸನಗಳನ್ನು ರಚಿಸಿದವು. ಲೂಯಿಸಿಯಾನ ರಾಜ್ಯದ ರೈಲು ಪ್ರಯಾಣಕ್ಕೆ ಸಂಬಂಧಿಸಿದ ಪ್ಲೆಸಿ ವಿರುದ್ಧ ಫರ್ಗುಸನ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 1896ರಲ್ಲಿ ಇಂಥ ಪ್ರತ್ಯೇಕತೆಯನ್ನು ಎತ್ತಿಹಿಡಿಯಿತು. ಸೌಲಭ್ಯಗಳು ಸಮಾನವಾಗಿದ್ದರೆ ಅವು ಪ್ರತ್ಯೇಕವಾಗಿದ್ದರೂ ಸಂವಿಧಾನಕ್ಕೆ ಧಕ್ಕೆಯಿಲ್ಲ ಎಂಬುದು ಅದರ ತಿರುಳು. ‘ಪ್ರತ್ಯೇಕ, ಆದರೆ ಸಮಾನ’ ಎಂಬ ಹೆಸರಿನಿಂದ ಈ ಸಿದ್ಧಾಂತ ಪ್ರಸಿದ್ಧವಾಯಿತು. ಆಚರಣೆಯಲ್ಲಿ ಪ್ರತ್ಯೇಕತೆ ಮಾತ್ರ ಉಳಿಯಿತು. ಸಮಾನತೆ ಎಲ್ಲಿಯೂ ಕಾಣಲಿಲ್ಲ. ಈ ತೀರ್ಪು ಹೊರಬಿದ್ದಾಗ ಹ್ಯೂಸ್ಟನ್ ಇನ್ನೂ ಒಂದು ವರ್ಷ ತುಂಬದ ಶಿಶು.

ಮನೆತನ ಮತ್ತು ವಿದ್ಯಾಭ್ಯಾಸ

ಹ್ಯೂಸ್ಟನ್ ಅವರು 1895ರ ಸೆಪ್ಟೆಂಬರ್ 3ರಂದು ವಾಷಿಂಗ್ಟನ್ ನಗರದಲ್ಲಿ ಜನಿಸಿದರು. ತಂದೆ ವಿಲಿಯಂ ಹ್ಯೂಸ್ಟನ್ ಹಗಲು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರಾಗಿ ದುಡಿಯುತ್ತ, ಸಂಜೆ ಹೋವರ್ಡ್ ಕಾನೂನು ಶಾಲೆಯಲ್ಲಿ ಓದಿ ವಕೀಲರಾದವರು. ತಾಯಿ ಮೇರಿ ಮೊದಲು ಶಿಕ್ಷಕಿಯಾಗಿದ್ದು, ಮುಂದೆ ಕೇಶಾಲಂಕಾರದ ಕೆಲಸ ಮಾಡಿ ಒಬ್ಬನೇ ಮಗನ ವಿದ್ಯಾಭ್ಯಾಸಕ್ಕೆ ಹಣ ಕೂಡಿಸಿದರು. ತಂದೆಯ ಸಂಜೆ ಶಾಲೆಯ ಓದನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಅದೇ ಸಂಜೆ ಶಾಲೆಯ ಬಗೆಗೆ ಮಗನು ಕಠಿಣ ನಿರ್ಧಾರವೊಂದನ್ನು ಕೈಗೊಳ್ಳಬೇಕಾಗಿ ಬಂತು.

ಕಪ್ಪು ವಿದ್ಯಾರ್ಥಿಗಳಿಗೆ ಶ್ರೇಷ್ಠವೆನಿಸಿದ್ದ ವಾಷಿಂಗ್ಟನ್ನಿನ ಎಂ ಸ್ಟ್ರೀಟ್ ಪ್ರೌಢಶಾಲೆಯಲ್ಲಿ ಓದಿದ ಹ್ಯೂಸ್ಟನ್, ಮ್ಯಾಸಚೂಸೆಟ್ಸ್ ರಾಜ್ಯದ ಆಮ್‌ಹರ್ಸ್ಟ್ ಕಾಲೇಜನ್ನು ಸೇರಿದರು. ಅವರ ತರಗತಿಯಲ್ಲಿ ಬೇರೆ ಕಪ್ಪು ವಿದ್ಯಾರ್ಥಿಗಳಿರಲಿಲ್ಲ. 1915ರಲ್ಲಿ ಉನ್ನತ ಶ್ರೇಣಿಯಲ್ಲಿ ಪದವಿ ಪಡೆದು, ಅಲ್ಲಿಂದ ಮರಳಿ ಹೋವರ್ಡ್ ವಿಶ್ವವಿದ್ಯಾಲಯದಲ್ಲಿ ಎರಡು ವರ್ಷ ಇಂಗ್ಲಿಷ್ ಬೋಧಿಸಿದರು. ಆಗ ಅವರಿಗೆ ಕಾನೂನಿನ ಕಡೆಗೆ ವಿಶೇಷ ಒಲವು ಇದ್ದಂತೆ ತೋರುವುದಿಲ್ಲ. ಆ ಒಲವನ್ನು ಮೂಡಿಸಿದ್ದು ಯುದ್ಧ.

ಸೈನ್ಯದಲ್ಲಿ ಕಂಡ ಅನ್ಯಾಯ

ಮೊದಲನೆಯ ಮಹಾಯುದ್ಧದಲ್ಲಿ ಅಮೆರಿಕವು 1917ರಲ್ಲಿ ಪ್ರವೇಶಿಸಿತು. ಅಯೋವಾ ರಾಜ್ಯದ ಫೋರ್ಟ್ ಡಿ ಮಾಯ್ನ್‌ನಲ್ಲಿ ಕಪ್ಪು ವರ್ಣದವರಿಗಾಗಿಯೇ ತೆರೆದಿದ್ದ ಅಧಿಕಾರಿ ತರಬೇತಿ ಶಿಬಿರವನ್ನು ಹ್ಯೂಸ್ಟನ್ ಸೇರಿದರು. ಪದಾತಿದಳದಲ್ಲಿಯೂ ಆಮೇಲೆ ಫಿರಂಗಿದಳದಲ್ಲಿಯೂ ಅಧಿಕಾರಿಯಾದರು. ಅಧಿಕಾರಿಯ ಸಮವಸ್ತ್ರ ಮೈಮೇಲಿದ್ದರೂ ಅವಮಾನ ತಪ್ಪಲಿಲ್ಲ. ಸೈನಿಕ ವಿಚಾರಣೆಗಳಲ್ಲಿ ಕಪ್ಪು ಸೈನಿಕರಿಗೆ ದುರ್ಬಲ ಸಾಕ್ಷ್ಯದ ಮೇಲೆ ಶಿಕ್ಷೆಯಾಗುವುದನ್ನು ಅವರು ಹತ್ತಿರದಿಂದ ಕಂಡರು. ಫ್ರಾನ್ಸಿನಲ್ಲಿದ್ದಾಗ ಒಂದು ರಾತ್ರಿ ತಮ್ಮದೇ ದೇಶದ ಬಿಳಿಯ ಸೈನಿಕರ ಗುಂಪು ಅವರನ್ನೂ ಜೊತೆಗಾರರನ್ನೂ ಸುತ್ತುವರಿದು ಪ್ರಾಣಕ್ಕೇ ಸಂಚಕಾರ ತಂದಿತ್ತು. ಪ್ರಜಾಪ್ರಭುತ್ವದ ರಕ್ಷಣೆಗೆಂದು ಹೊರಟ ಸೈನ್ಯದೊಳಗೆ ತಮ್ಮ ಜನರಿಗೆ ರಕ್ಷಣೆಯಿಲ್ಲ ಎಂಬ ಅರಿವು ಅವರ ಬಾಳಿನ ದಿಕ್ಕನ್ನು ಬದಲಿಸಿತು. ಬದುಕಿ ಮರಳಿದರೆ ಕಾನೂನನ್ನು ಓದಿ, ಎದುರು ನಿಲ್ಲಲಾರದವರ ಪರವಾಗಿ ತಾನು ನಿಲ್ಲುವೆನೆಂದು ಅಲ್ಲಿಯೇ ಸಂಕಲ್ಪಿಸಿದುದಾಗಿ ಅವರು ಮುಂದೆ ಬರೆದುಕೊಂಡಿದ್ದಾರೆ.

ಅವರು ಮರಳಿದ 1919ರ ಬೇಸಿಗೆಯಲ್ಲಿಯೇ ವಾಷಿಂಗ್ಟನ್ ಸೇರಿದಂತೆ ಹಲವು ನಗರಗಳಲ್ಲಿ ಕಪ್ಪು ಜನರ ಮೇಲೆ ಹಿಂಸಾಚಾರ ನಡೆಯಿತು. ಅದೇ ವರ್ಷ ಅವರು ಹಾರ್ವರ್ಡ್ ಕಾನೂನು ಶಾಲೆಯನ್ನು ಪ್ರವೇಶಿಸಿದರು.

ಹಾರ್ವರ್ಡ್‌ನಿಂದ ಮ್ಯಾಡ್ರಿಡ್‌ಗೆ

ಹಾರ್ವರ್ಡ್‌ನಲ್ಲಿ ಆಗ ರಾಸ್ಕೋ ಪೌಂಡ್ ಡೀನ್ ಆಗಿದ್ದರು. ಮುಂದೆ ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿಗಳಾದ ಫೀಲಿಕ್ಸ್ ಫ್ರಾಂಕ್‌ಫರ್ಟರ್ ಪ್ರಾಧ್ಯಾಪಕರಾಗಿದ್ದರು. ಕಾನೂನು ಎಂಬುದು ಪುಸ್ತಕದಲ್ಲಿ ಹೆಪ್ಪುಗಟ್ಟಿದ ನಿಯಮಗಳ ರಾಶಿಯಲ್ಲ, ಸಮಾಜದ ಅಗತ್ಯಗಳಿಗೆ ಸ್ಪಂದಿಸಬೇಕಾದ ಸಾಧನ ಎಂಬ ಪೌಂಡ್ ಅವರ ವಿಚಾರ ಹ್ಯೂಸ್ಟನ್ನರ ಮನಸ್ಸಿನಲ್ಲಿ ಬೇರೂರಿತು. ಪ್ರತಿಭಾವಂತ ವಿದ್ಯಾರ್ಥಿಗಳಿಗೆ ಮಾತ್ರ ಲಭಿಸುತ್ತಿದ್ದ ‘ಹಾರ್ವರ್ಡ್ ಲಾ ರಿವ್ಯೂ’ ಪತ್ರಿಕೆಯ ಸಂಪಾದಕ ಮಂಡಳಿಗೆ ಆಯ್ಕೆಯಾದ ಮೊದಲ ಕಪ್ಪು ವಿದ್ಯಾರ್ಥಿ ಅವರು. 1922ರಲ್ಲಿ ಕಾನೂನು ಪದವಿಯನ್ನೂ 1923ರಲ್ಲಿ ಫ್ರಾಂಕ್‌ಫರ್ಟರ್ ಅವರ ಮಾರ್ಗದರ್ಶನದಲ್ಲಿ ಕಾನೂನಿನ ಡಾಕ್ಟರೇಟ್ ಪದವಿಯನ್ನೂ ಪಡೆದರು. ಅನಂತರ ಪ್ರವಾಸ ವೇತನವೊಂದು ದೊರೆತು ಸ್ಪೇನಿನ ಮ್ಯಾಡ್ರಿಡ್ ವಿಶ್ವವಿದ್ಯಾಲಯದಲ್ಲಿ ಯುರೋಪಿನ ಸಿವಿಲ್ ಕಾನೂನು ಪದ್ಧತಿಯನ್ನು ಅಭ್ಯಸಿಸಿದರು.

1924ರಲ್ಲಿ ವಾಷಿಂಗ್ಟನ್ನಿಗೆ ಮರಳಿ ವಕೀಲರಾಗಿ ನೋಂದಾಯಿಸಿಕೊಂಡು ತಂದೆಯ ಕಚೇರಿಯನ್ನು ಸೇರಿದರು. ಅದೇ ವರ್ಷ ಹೋವರ್ಡ್ ಕಾನೂನು ಶಾಲೆಯಲ್ಲಿ ಬೋಧನೆಯನ್ನೂ ಆರಂಭಿಸಿದರು. ಅಧ್ಯಾಪಕ ವೃತ್ತಿಯ ಜೊತೆಗೆ ದೇಶದ ಕಪ್ಪು ವಕೀಲರ ಸ್ಥಿತಿಗತಿಯ ಸಮೀಕ್ಷೆಯೊಂದನ್ನು 1927–28ರಲ್ಲಿ ಕೈಗೊಂಡರು. ಲಕ್ಷಾಂತರ ಕಪ್ಪು ಜನರು ವಾಸವಾಗಿದ್ದ ದಕ್ಷಿಣದ ರಾಜ್ಯಗಳಲ್ಲಿ ಅವರ ಪರವಾಗಿ ನಿಲ್ಲಬಲ್ಲ ಕಪ್ಪು ವಕೀಲರು ತೀರ ವಿರಳವೆಂಬುದು ಅವರ ಅರಿವಿಗೆ ಬಂತು. ಇದ್ದವರಿಗೂ ಸಂವಿಧಾನದ ಪ್ರಶ್ನೆಗಳನ್ನು ಮೇಲಿನ ನ್ಯಾಯಾಲಯಗಳಲ್ಲಿ ವಾದಿಸುವ ತರಬೇತಿ ಸಾಲದಾಗಿತ್ತು. ರೋಗ ಎಲ್ಲಿದೆಯೆಂಬುದು ಹೀಗೆ ಸ್ಪಷ್ಟವಾಯಿತು: ನ್ಯಾಯಾಲಯದ ಬಾಗಿಲನ್ನು ತಟ್ಟುವ ಮೊದಲು, ತಟ್ಟಬಲ್ಲವರನ್ನು ತಯಾರುಮಾಡಬೇಕು. ಈ ನಡುವೆ ಕ್ಷಯರೋಗವೂ ಅವರನ್ನು ಕಾಡಿ ಕೆಲಕಾಲ ಹಾಸಿಗೆ ಹಿಡಿಸಿತು. ಗುಣಮುಖರಾದ ಮೇಲೆ ಅವರ ಪಾಲಿಗೆ ಬಂದದ್ದು ಜೀವನದ ಬಹುದೊಡ್ಡ ಹೊಣೆ.

ಡೀನ್ ಹುದ್ದೆ

ಹೋವರ್ಡ್ ವಿಶ್ವವಿದ್ಯಾಲಯವು ಗುಲಾಮಗಿರಿಯಿಂದ ಬಿಡುಗಡೆ ಹೊಂದಿದ ಜನರ ಶಿಕ್ಷಣವನ್ನು ಮುಖ್ಯವಾಗಿ ಗಮನದಲ್ಲಿಟ್ಟುಕೊಂಡು 1867ರಲ್ಲಿ ಸ್ಥಾಪನೆಗೊಂಡಿತು. ಅದರ ಕಾನೂನು ವಿಭಾಗ 1869ರಲ್ಲಿ ಆರಂಭವಾಯಿತು. ಜಾನ್ ಮರ್ಸರ್ ಲ್ಯಾಂಗ್‌ಸ್ಟನ್ ಅದರ ಮೊದಲ ಡೀನ್. ದೇಶದ ಕಪ್ಪು ವಕೀಲರಲ್ಲಿ ಬಹಳಷ್ಟು ಮಂದಿ ಇಲ್ಲಿ ಓದಿದವರೇ. ಆದರೆ 1920ರ ದಶಕದಲ್ಲಿಯೂ ಅದು ಸಂಜೆಯ ಶಾಲೆಯಾಗಿಯೇ ಉಳಿದಿತ್ತು. ವಿದ್ಯಾರ್ಥಿಗಳು ಹಗಲು ದುಡಿದು ಸಂಜೆ ಬರುತ್ತಿದ್ದರು. ಅಧ್ಯಾಪಕರು ಹಗಲು ನ್ಯಾಯಾಲಯದ ಕೆಲಸ ಮುಗಿಸಿ ಸಂಜೆ ಪಾಠ ಹೇಳುತ್ತಿದ್ದರು. ವೃತ್ತಿಸಂಘಗಳ ಮಾನ್ಯತೆ ಶಾಲೆಗೆ ಇರಲಿಲ್ಲ.

ವಿಶ್ವವಿದ್ಯಾಲಯದ ಮೊದಲ ಕಪ್ಪು ವರ್ಣದ ಅಧ್ಯಕ್ಷರಾಗಿ 1926ರಲ್ಲಿ ಅಧಿಕಾರ ವಹಿಸಿದ್ದ ಮಾರ್ಡೆಕಾಯ್ ಜಾನ್ಸನ್ ಈ ಸ್ಥಿತಿಯನ್ನು ಬದಲಿಸಲು ಬಯಸಿದರು. ಅವರ ಕರೆಯ ಮೇರೆಗೆ ಹ್ಯೂಸ್ಟನ್ 1929ರಲ್ಲಿ ಕಾನೂನು ಶಾಲೆಯ ಉಪ ಡೀನ್ ಆದರು. ಡೀನ್ ಪದವಿಯಲ್ಲಿದ್ದವರು ಬೇರೊಂದು ನ್ಯಾಯಾಲಯದಲ್ಲಿ ನ್ಯಾಯಾಧೀಶರಾಗಿದ್ದುದರಿಂದ ಶಾಲೆಯ ಆಡಳಿತವೆಲ್ಲ ಹ್ಯೂಸ್ಟನ್ನರ ಕೈಯಲ್ಲಿಯೇ ಇತ್ತು. ಹೆಸರಿಗೆ ಉಪ ಡೀನ್ ಆದರೂ ಕಾರ್ಯದಲ್ಲಿ ಅವರೇ ಡೀನ್. ಆಗ ಅವರಿಗೆ ಕೇವಲ 33 ವರ್ಷ.

ಸಂಜೆ ಶಾಲೆಯ ಪ್ರಶ್ನೆ

ಅವರು ಕೈಗೊಂಡ ಮೊದಲ ದೊಡ್ಡ ನಿರ್ಧಾರವೇ ಅತ್ಯಂತ ವಿವಾದಾಸ್ಪದವಾಯಿತು. ಸಂಜೆ ಶಾಲೆಯನ್ನು ಮುಚ್ಚಿ, ಪೂರ್ಣಾವಧಿಯ ಹಗಲು ಶಾಲೆಯನ್ನು ಮಾತ್ರ ನಡೆಸಬೇಕೆಂದು ಅವರು ತೀರ್ಮಾನಿಸಿದರು. ಹಳೆಯ ವಿದ್ಯಾರ್ಥಿಗಳು ಸಿಡಿದೆದ್ದರು. ಅವರ ಆಕ್ಷೇಪಣೆಯಲ್ಲಿ ಹುರುಳಿತ್ತು. ಕಪ್ಪು ಸಮುದಾಯದಲ್ಲಿ ದುಡಿಯದೆ ಓದಬಲ್ಲವರು ಎಷ್ಟು ಮಂದಿ? ಬಡವನಿಗೆ ವಕೀಲನಾಗಲು ಇದ್ದ ಒಂದೇ ಬಾಗಿಲನ್ನು ಮುಚ್ಚಿದರೆ ಉಳಿಯುವುದೇನು? ತಂದೆಯೇ ಆ ಬಾಗಿಲಿನಿಂದ ಬಂದವರಾದ್ದರಿಂದ ಈ ಪ್ರಶ್ನೆಯ ಭಾರ ಹ್ಯೂಸ್ಟನ್ನರಿಗೆ ತಿಳಿಯದೆ ಇರಲಿಲ್ಲ.

ಅವರ ಉತ್ತರ ಹೀಗಿತ್ತು. ಕಪ್ಪು ವಕೀಲನು ನ್ಯಾಯಾಲಯದಲ್ಲಿ ಎದುರಿಸಬೇಕಾದದ್ದು ದೇಶದ ಅತ್ಯುತ್ತಮ ಶಾಲೆಗಳಲ್ಲಿ ಓದಿದ ವಕೀಲರನ್ನು. ಕೆಲವೊಮ್ಮೆ ಪೂರ್ವಗ್ರಹ ತುಂಬಿದ ನ್ಯಾಯಾಧೀಶರನ್ನು. ಅರೆಬರೆ ತರಬೇತಿಯೊಂದಿಗೆ ಅಲ್ಲಿ ನಿಂತವನು ಸೋತರೆ ಸೋಲುವುದು ಅವನೊಬ್ಬನಲ್ಲ, ಅವನನ್ನು ನಂಬಿದ ಕಕ್ಷಿದಾರ. ದಿನವಿಡೀ ದಣಿದವನಿಗೆ ರಾತ್ರಿಯ ಎರಡು ಗಂಟೆಗಳಲ್ಲಿ ಅಂಥ ತರಬೇತಿಯನ್ನು ಕೊಡಲು ಸಾಧ್ಯವಿಲ್ಲ ಎಂಬುದು ಅವರ ನಿಲುವು. ಇದರಂತೆ ಸಂಜೆ ತರಗತಿಗಳು ನಿಂತವು. ಪೂರ್ಣಾವಧಿ ಅಧ್ಯಾಪಕರು ಬಂದರು. ವಿಲಿಯಂ ಹೇಸ್ಟಿ, ಲಿಯಾನ್ ರ‍್ಯಾನ್ಸಮ್ ಅವರಂಥ ಪ್ರತಿಭಾವಂತ ತರುಣರು ಬೋಧಕವರ್ಗವನ್ನು ಸೇರಿದರು. ಗ್ರಂಥಾಲಯ ಬೆಳೆಯಿತು, ಪ್ರವೇಶದ ಅರ್ಹತೆ ಬಿಗಿಯಾಯಿತು. ವಿದ್ಯಾರ್ಥಿಗಳ ಸಂಖ್ಯೆ ಕುಸಿಯಿತು. ಅದನ್ನು ಅವರು ಸಹಿಸಿದರು.

1931ರ ಹೊತ್ತಿಗೆ ಅಮೆರಿಕನ್ ಬಾರ್ ಅಸೋಸಿಯೇಷನ್ನಿನ ಮಾನ್ಯತೆಯೂ ಕಾನೂನು ಶಾಲೆಗಳ ರಾಷ್ಟ್ರೀಯ ಸಂಘದ ಸದಸ್ಯತ್ವವೂ ಹೋವರ್ಡ್‌ಗೆ ದೊರೆತವು. ಕಪ್ಪು ವಕೀಲರನ್ನು ತನ್ನ ಸದಸ್ಯರನ್ನಾಗಿ ಸೇರಿಸಿಕೊಳ್ಳಲು ಆ ಕಾಲದಲ್ಲಿ ನಿರಾಕರಿಸುತ್ತಿದ್ದ ಬಾರ್ ಅಸೋಸಿಯೇಷನ್ನೇ ಕಪ್ಪು ವಕೀಲರನ್ನು ತಯಾರಿಸುವ ಶಾಲೆಗೆ ಮಾನ್ಯತೆ ನೀಡಬೇಕಾಯಿತು.

ಹಾಗೆಂದು ಹಳೆಯ ವಿದ್ಯಾರ್ಥಿಗಳ ನೋವು ಸುಳ್ಳಾಗುವುದಿಲ್ಲ. ಹಗಲು ದುಡಿಯಲೇಬೇಕಾದ ಎಷ್ಟೋ ಯುವಕರಿಗೆ ಆ ಶಾಲೆ ದೂರವಾಯಿತು. ಗುಣಮಟ್ಟ ಮತ್ತು ಅವಕಾಶ ಇವೆರಡರಲ್ಲಿ ಒಂದನ್ನು ಮುಂದಿಟ್ಟಾಗ ಇನ್ನೊಂದಕ್ಕೆ ಪೆಟ್ಟು ಬೀಳುತ್ತದೆ. ಹ್ಯೂಸ್ಟನ್ ಈ ಪೆಟ್ಟನ್ನು ಅರಿತೇ ನಿರ್ಧರಿಸಿದರು, ಟೀಕೆಯ ಹೊಣೆಯನ್ನೂ ತಾವೇ ಹೊತ್ತರು.

ತರಗತಿಯ ಕೋಣೆ

ಬೋಧಕರಾಗಿ ಹ್ಯೂಸ್ಟನ್ ಅತ್ಯಂತ ಕಟ್ಟುನಿಟ್ಟಿನವರು. ವಿದ್ಯಾರ್ಥಿಗಳು ಅವರಿಗೆ ಬೆನ್ನ ಹಿಂದೆ ‘ಕಬ್ಬಿಣದ ಬೂಟು’ ಎಂಬ ಅಡ್ಡಹೆಸರನ್ನಿಟ್ಟಿದ್ದರು. ನಿನ್ನ ಎಡಬಲಗಳಲ್ಲಿ ಕುಳಿತವರು ಮುಂದಿನ ವರ್ಷ ಇಲ್ಲಿರಲಾರರು ಎಂದು ಮೊದಲ ದಿನವೇ ಎಚ್ಚರಿಸುತ್ತಿದ್ದರೆಂದು ಅವರ ಶಿಷ್ಯರು ಸ್ಮರಿಸಿದ್ದಾರೆ. ಆ ಮಾತು ಬರಿಯ ಬೆದರಿಕೆಯಾಗಿರಲಿಲ್ಲ. ಕಲಿಕೆಯ ಭಾರವನ್ನು ತಾಳಲಾರದೆ ಹಲವರು ನಡುವೆಯೇ ಬಿಟ್ಟುಹೋಗುತ್ತಿದ್ದರು. ವಾದಪತ್ರದಲ್ಲಿ ಒಂದು ತಪ್ಪು ಉಲ್ಲೇಖವಿದ್ದರೂ ಅವರು ಕ್ಷಮಿಸುತ್ತಿರಲಿಲ್ಲ. ವೈದ್ಯನು ತನ್ನ ತಪ್ಪನ್ನು ಹೂಳಬಹುದು, ವಕೀಲನ ತಪ್ಪು ಎಲ್ಲರ ಕಣ್ಣಮುಂದೆ ಉಳಿಯುತ್ತದೆ ಎಂಬ ಅರ್ಥದ ಅವರ ಮಾತನ್ನು ಶಿಷ್ಯರು ಕೊನೆಯವರೆಗೂ ನೆನೆಯುತ್ತಿದ್ದರು.

ಬೋಧನೆ ಕೋಣೆಯೊಳಗೇ ಮುಗಿಯುತ್ತಿರಲಿಲ್ಲ. ವಿದ್ಯಾರ್ಥಿಗಳನ್ನು ನ್ಯಾಯಾಲಯಗಳಿಗೆ, ಪೊಲೀಸ್ ಠಾಣೆಗಳಿಗೆ, ಸೆರೆಮನೆಗಳಿಗೆ ಕರೆದೊಯ್ದು ಕಾನೂನು ಬಡವನ ಮೇಲೆ ಹೇಗೆ ನಡೆಯುತ್ತದೆಂಬುದನ್ನು ತೋರಿಸುತ್ತಿದ್ದರು. ರಾಸ್ಕೋ ಪೌಂಡ್, ಪ್ರಸಿದ್ಧ ವಕೀಲ ಕ್ಲಾರೆನ್ಸ್ ಡ್ಯಾರೋ ಮೊದಲಾದವರನ್ನು ಉಪನ್ಯಾಸಕ್ಕೆ ಆಹ್ವಾನಿಸಿದರು. ನಿಜವಾದ ಮೊಕದ್ದಮೆಗಳ ಸಿದ್ಧತೆಯಲ್ಲಿ ವಿದ್ಯಾರ್ಥಿಗಳು ಪಾಲ್ಗೊಳ್ಳುತ್ತಿದ್ದರು. ವರ್ಜೀನಿಯದಲ್ಲಿ ಕೊಲೆಯ ಆರೋಪ ಹೊತ್ತಿದ್ದ ಜಾರ್ಜ್ ಕ್ರಾಫರ್ಡ್ ಎಂಬ ಕಪ್ಪು ವ್ಯಕ್ತಿಯ ಪರವಾಗಿ 1933ರಲ್ಲಿ ಹ್ಯೂಸ್ಟನ್ ವಾದಿಸಿದರು. ಕಪ್ಪು ವಕೀಲರೇ ಇದ್ದ ಆ ತಂಡ ಆರೋಪಿಯನ್ನು ಮರಣದಂಡನೆಯಿಂದ ಪಾರುಮಾಡಿತು. ಜೀವಾವಧಿ ಶಿಕ್ಷೆ ಉಳಿಯಿತು.

ವಕೀಲನು ಒಂದೋ ಸಮಾಜವನ್ನು ಸರಿಪಡಿಸುವ ಎಂಜಿನಿಯರ್ ಆಗಿರಬೇಕು, ಇಲ್ಲವಾದರೆ ಅವನು ಸಮಾಜಕ್ಕೆ ಭಾರವಾದ ಪರಾವಲಂಬಿ ಎಂಬುದು ಅವರ ಬೋಧನೆಯ ಸಾರ. ಪದವಿಯನ್ನು ಗಳಿಕೆಯ ಸಾಧನವೆಂದು ಮಾತ್ರ ಎಣಿಸಿದ ವಿದ್ಯಾರ್ಥಿಗೆ ಅವರ ಶಾಲೆಯಲ್ಲಿ ಗೌರವವಿರಲಿಲ್ಲ.

ಈ ಮೂಸೆಯಲ್ಲಿ ಕಾಯ್ದು ಬಂದವರಲ್ಲಿ ಥರ್ಗುಡ್ ಮಾರ್ಷಲ್ ಪ್ರಮುಖರು. ಅವರ ಊರು ಮೇರಿಲ್ಯಾಂಡ್ ರಾಜ್ಯದ ಬಾಲ್ಟಿಮೋರ್. ಆ ರಾಜ್ಯದ ವಿಶ್ವವಿದ್ಯಾಲಯದ ಕಾನೂನು ಶಾಲೆ ಊರಿನಲ್ಲಿಯೇ ಇದ್ದರೂ ಕಪ್ಪು ವರ್ಣದವರಿಗೆ ಅಲ್ಲಿ ಪ್ರವೇಶವಿರಲಿಲ್ಲ. ತಾಯಿ ತಮ್ಮ ಮದುವೆಯ ಉಂಗುರವನ್ನು ಒತ್ತೆಯಿಟ್ಟು ಶುಲ್ಕ ಹೊಂದಿಸಿದರು. ಮಗ ಪ್ರತಿದಿನ ರೈಲಿನಲ್ಲಿ ವಾಷಿಂಗ್ಟನ್ನಿಗೆ ಹೋಗಿಬಂದು ಓದಿದರು. 1933ರಲ್ಲಿ ಮಾರ್ಷಲ್ ತರಗತಿಗೆ ಪ್ರಥಮರಾಗಿಯೂ ಅವರ ಗೆಳೆಯ ಆಲಿವರ್ ಹಿಲ್ ದ್ವಿತೀಯರಾಗಿಯೂ ಉತ್ತೀರ್ಣರಾದರು.

ಶಾಲೆಯಿಂದ ನ್ಯಾಯಾಲಯಕ್ಕೆ

ಕಪ್ಪು ಜನರ ಹಕ್ಕುಗಳಿಗಾಗಿ 1909ರಿಂದ ಹೋರಾಡುತ್ತಿದ್ದ, ಎನ್‌ಎಎಸಿಪಿ ಎಂಬ ಸಂಕ್ಷಿಪ್ತ ನಾಮದಿಂದ ಪ್ರಸಿದ್ಧವಾದ ರಾಷ್ಟ್ರೀಯ ಸಂಘವು ತನ್ನ ಕಾನೂನು ಹೋರಾಟದ ನೇತೃತ್ವಕ್ಕೆ ಹ್ಯೂಸ್ಟನ್ನರನ್ನು ಕರೆಯಿತು. 1935ರಲ್ಲಿ ಅವರು ಹೋವರ್ಡ್‌ನ ಆಡಳಿತವನ್ನು ಬಿಟ್ಟು ನ್ಯೂಯಾರ್ಕಿಗೆ ತೆರಳಿ ಸಂಘದ ವಿಶೇಷ ವಕೀಲರಾದರು. ಅದಕ್ಕೆ ಮೊದಲೇ, 1934ರ ಕೊನೆಯಲ್ಲಿ, ಅವರು ದಕ್ಷಿಣ ಕೆರೊಲಿನ ರಾಜ್ಯದಲ್ಲಿ ಕಾರಿನಲ್ಲಿ ಸಂಚರಿಸಿ, ಬಿಳಿಯ ಮಕ್ಕಳ ಶಾಲೆಗಳನ್ನೂ ಕಪ್ಪು ಮಕ್ಕಳ ಶಾಲೆಗಳನ್ನೂ ಚಲನಚಿತ್ರ ಕ್ಯಾಮೆರಾದಲ್ಲಿ ಸೆರೆಹಿಡಿದಿದ್ದರು. ‘ಸಮಾನ’ ಎಂಬ ಪದದ ಹುಸಿತನವನ್ನು ವಾದಕ್ಕಿಂತ ಮೊದಲು ಕಣ್ಣಿಗೆ ಕಾಣಿಸುವುದು ಅವರ ಉದ್ದೇಶವಾಗಿತ್ತು.

ಅವರ ಯೋಜನೆ ತಾಳ್ಮೆಯದು. ಪ್ರತ್ಯೇಕತೆಯನ್ನೇ ರದ್ದುಮಾಡಿರೆಂದು ಒಮ್ಮೆಲೇ ಕೇಳಿದರೆ ಆ ಕಾಲದ ನ್ಯಾಯಾಲಯಗಳು ಒಪ್ಪುವ ಸಂಭವವಿರಲಿಲ್ಲ. ಸೋತರೆ 1896ರ ತೀರ್ಪು ಇನ್ನಷ್ಟು ಗಟ್ಟಿಯಾಗುತ್ತಿತ್ತು. ಆದ್ದರಿಂದ ಹ್ಯೂಸ್ಟನ್ ಎದುರಾಳಿಯ ಮಾತನ್ನೇ ಹಿಡಿದರು. ಪ್ರತ್ಯೇಕವಾಗಿದ್ದರೂ ಸಮಾನವಾಗಿರಬೇಕೆಂದು ತಾನೆ ತೀರ್ಪು ಹೇಳುವುದು? ಹಾಗಾದರೆ ಕಪ್ಪು ವಿದ್ಯಾರ್ಥಿಗೆ ಸಮಾನವಾದ ಕಾನೂನು ಶಾಲೆ ಎಲ್ಲಿದೆ, ತೋರಿಸಿ ಎಂದು ರಾಜ್ಯಗಳನ್ನು ಕೇಳಿದರು. ಪ್ರಾಥಮಿಕ ಶಾಲೆಗಳಿಂದ ಆರಂಭಿಸದೆ ವೃತ್ತಿಶಿಕ್ಷಣದಿಂದ ಆರಂಭಿಸಿದ್ದಕ್ಕೆ ಕಾರಣವಿತ್ತು. ಕಪ್ಪು ಜನರಿಗೆ ಹೆಸರಿಗೊಂದು ಪ್ರಾಥಮಿಕ ಶಾಲೆಯನ್ನಾದರೂ ರಾಜ್ಯಗಳು ತೆರೆದಿದ್ದವು. ಕಾನೂನು ಶಾಲೆಯನ್ನು ಬಹುತೇಕ ಯಾವ ರಾಜ್ಯವೂ ತೆರೆದಿರಲಿಲ್ಲ. ಕೆಲವೇ ವಿದ್ಯಾರ್ಥಿಗಳಿಗಾಗಿ ಎರಡನೆಯ ಕಾನೂನು ಶಾಲೆಯನ್ನು ಕಟ್ಟುವ ಖರ್ಚು ರಾಜ್ಯಗಳಿಗೆ ಭಾರವಾಗುತ್ತಿತ್ತು. ಮೇಲಾಗಿ ನ್ಯಾಯಾಧೀಶರಲ್ಲಿ ಹೆಚ್ಚಿನವರು ಕಾನೂನು ಶಾಲೆಯಲ್ಲಿ ಓದಿದವರೇ. ಒಳ್ಳೆಯ ಶಾಲೆ ಎಂದರೇನೆಂಬುದನ್ನು ಅವರಿಗೆ ವಿವರಿಸಬೇಕಾಗಿರಲಿಲ್ಲ.

ಮೊದಲ ಜಯ ಮೇರಿಲ್ಯಾಂಡಿನಲ್ಲಿ ದೊರೆಯಿತು. ಆಮ್‌ಹರ್ಸ್ಟ್ ಪದವೀಧರ ಡೊನಾಲ್ಡ್ ಮರ್ರೆ ಎಂಬ ಕಪ್ಪು ಯುವಕನ ಅರ್ಜಿಯನ್ನು ಅಲ್ಲಿನ ವಿಶ್ವವಿದ್ಯಾಲಯದ ಕಾನೂನು ಶಾಲೆ ತಿರಸ್ಕರಿಸಿತ್ತು. ಗುರು ಹ್ಯೂಸ್ಟನ್, ಶಿಷ್ಯ ಮಾರ್ಷಲ್ ಒಟ್ಟಾಗಿ ವಾದಿಸಿದರು. 1935ರ ಜೂನ್‌ನಲ್ಲಿ ಬಾಲ್ಟಿಮೋರಿನ ನ್ಯಾಯಾಲಯವು ಮರ್ರೆಗೆ ಪ್ರವೇಶ ನೀಡುವಂತೆ ಆಜ್ಞಾಪಿಸಿತು. 1936ರ ಜನವರಿಯಲ್ಲಿ ರಾಜ್ಯದ ಮೇಲ್ಮನವಿ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಮಾರ್ಷಲ್‌ಗೆ ಮುಚ್ಚಿದ್ದ ಬಾಗಿಲು ಮಾರ್ಷಲ್ ಅವರ ವಾದದಿಂದಲೇ ತೆರೆಯಿತು.

ಗೇನ್ಸ್ ಮೊಕದ್ದಮೆ

ಮೇರಿಲ್ಯಾಂಡಿನ ತೀರ್ಪು ಆ ಒಂದು ರಾಜ್ಯಕ್ಕೆ ಮಾತ್ರ ಅನ್ವಯಿಸುತ್ತಿತ್ತು. ದೇಶಕ್ಕೆಲ್ಲ ಅನ್ವಯಿಸುವ ತೀರ್ಪಿಗಾಗಿ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಬೇಕಾಗಿತ್ತು. ಆ ಅವಕಾಶ ಮಿಸ್ಸೂರಿ ರಾಜ್ಯದಿಂದ ಬಂತು. ಲಾಯ್ಡ್ ಗೇನ್ಸ್ ಎಂಬ ಯುವಕನು ಮಿಸ್ಸೂರಿ ವಿಶ್ವವಿದ್ಯಾಲಯದ ಕಾನೂನು ಶಾಲೆಗೆ ಅರ್ಜಿ ಸಲ್ಲಿಸಿದಾಗ, ಪಕ್ಕದ ರಾಜ್ಯಗಳಲ್ಲಿ ಓದಿಕೊಳ್ಳಲು ಶುಲ್ಕವನ್ನು ಕೊಡುತ್ತೇವೆ, ಇಲ್ಲಿ ಪ್ರವೇಶವಿಲ್ಲ ಎಂಬ ಉತ್ತರ ಬಂತು.

ಹ್ಯೂಸ್ಟನ್ 1938ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮುಂದೆ ವಾದಿಸಲು ನಿಂತಾಗ ನ್ಯಾಯಮೂರ್ತಿ ಮೆಕ್‌ರೆನಾಲ್ಡ್ಸ್ ತಮ್ಮ ಕುರ್ಚಿಯನ್ನು ತಿರುಗಿಸಿ ಬೆನ್ನು ತೋರಿಸಿ ಕುಳಿತರೆಂಬುದು ಪ್ರಸಿದ್ಧ ಸಂಗತಿ. ಹ್ಯೂಸ್ಟನ್ ವಿಚಲಿತರಾಗದೆ ವಾದ ಮುಂದುವರಿಸಿದರು. ಆ ವರ್ಷದ ಡಿಸೆಂಬರ್ 12ರಂದು ಮುಖ್ಯ ನ್ಯಾಯಮೂರ್ತಿ ಚಾರ್ಲ್ಸ್ ಇವಾನ್ಸ್ ಹ್ಯೂಸ್ ಬಹುಮತದ ತೀರ್ಪನ್ನು ಪ್ರಕಟಿಸಿದರು: ಬಿಳಿಯರಿಗೆ ತನ್ನ ಗಡಿಯೊಳಗೆ ಕಾನೂನು ಶಿಕ್ಷಣವನ್ನು ನೀಡುವ ರಾಜ್ಯವು ಕಪ್ಪು ವರ್ಣದವನಿಗೂ ತನ್ನ ಗಡಿಯೊಳಗೆಯೇ ಸಮಾನ ಶಿಕ್ಷಣವನ್ನು ಒದಗಿಸಬೇಕು, ಪರರಾಜ್ಯಕ್ಕೆ ಕಳುಹಿಸಿ ಕೈತೊಳೆದುಕೊಳ್ಳುವಂತಿಲ್ಲ. 1896ರ ಸಿದ್ಧಾಂತ ಇನ್ನೂ ಉಳಿದಿತ್ತು, ಆದರೆ ಅದರ ಬುಡದಲ್ಲಿ ಮೊದಲ ಬಿರುಕು ಕಾಣಿಸಿತು.

ಗೆಲುವಿನ ಹಿಂದೆಯೇ ದುಃಖವೂ ಬಂತು. ಮಿಸ್ಸೂರಿ ರಾಜ್ಯವು ಗೇನ್ಸ್‌ಗೆ ತನ್ನ ವಿಶ್ವವಿದ್ಯಾಲಯದ ಬಾಗಿಲನ್ನು ತೆರೆಯುವ ಬದಲು ಕಪ್ಪು ವಿದ್ಯಾರ್ಥಿಗಳಿಗೆಂದು ಪ್ರತ್ಯೇಕ ಕಾನೂನು ಶಾಲೆಯನ್ನು ತರಾತುರಿಯಲ್ಲಿ ತೆರೆಯಿತು. ಗೇನ್ಸ್ 1939ರ ಮಾರ್ಚ್‌ನಲ್ಲಿ ಷಿಕಾಗೋ ನಗರದಲ್ಲಿ ಕಾಣೆಯಾದರು, ಮತ್ತೆಂದೂ ಪತ್ತೆಯಾಗಲಿಲ್ಲ. ಇಂಥ ಮೊಕದ್ದಮೆಗಳಲ್ಲಿ ಅರ್ಜಿದಾರನಾಗಿ ಹೆಸರು ಕೊಡುವ ಸಾಮಾನ್ಯ ಯುವಕನು ಹೊರುತ್ತಿದ್ದ ಭಾರವನ್ನು ಈ ಘಟನೆ ನೆನಪಿಸುತ್ತದೆ.

ಶ್ರಮಿಕರ ಪರವಾಗಿ

ದೇಹಾರೋಗ್ಯವೂ ಮನೆಯ ಹೊಣೆಗಳೂ ಸೇರಿ ಹ್ಯೂಸ್ಟನ್ನರನ್ನು 1938ರಲ್ಲಿ ವಾಷಿಂಗ್ಟನ್ನಿಗೆ ಮರಳಿಸಿದವು. ಸಂಘದ ಹೊಣೆಯನ್ನು ಶಿಷ್ಯ ಮಾರ್ಷಲ್‌ಗೆ ಒಪ್ಪಿಸಿದರು. ಆದರೆ ಹೋರಾಟ ನಿಲ್ಲಲಿಲ್ಲ. ರೈಲು ಎಂಜಿನ್ನುಗಳಲ್ಲಿ ಬೆಂಕಿ ನೋಡಿಕೊಳ್ಳುವ ಫೈರ್‌ಮನ್ ಕೆಲಸದಲ್ಲಿದ್ದ ಕಪ್ಪು ಕಾರ್ಮಿಕರನ್ನು ಹೊರಗಟ್ಟಲು ಬಿಳಿಯರ ಕಾರ್ಮಿಕ ಸಂಘವು ರೈಲು ಕಂಪನಿಗಳೊಡನೆ ಒಪ್ಪಂದ ಮಾಡಿಕೊಂಡಿತ್ತು. ಆ ಸಂಘ ಕಪ್ಪು ಕಾರ್ಮಿಕರಿಗೆ ಸದಸ್ಯತ್ವ ಕೊಡುತ್ತಿರಲಿಲ್ಲ. ಆದರೂ ಕಾನೂನಿನಂತೆ ಅವರೆಲ್ಲರ ಪ್ರತಿನಿಧಿ ಅದೇ ಆಗಿತ್ತು. ಬೆಸ್ಟರ್ ಸ್ಟೀಲ್ ಎಂಬ ಫೈರ್‌ಮನ್ ಪರವಾಗಿ ಹ್ಯೂಸ್ಟನ್ ವಾದಿಸಿದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 1944ರಲ್ಲಿ, ಎಲ್ಲರ ಪ್ರತಿನಿಧಿಯೆನಿಸಿದ ಸಂಘವು ಎಲ್ಲರನ್ನೂ ನ್ಯಾಯವಾಗಿ ಪ್ರತಿನಿಧಿಸಬೇಕೆಂದು ತೀರ್ಪಿತ್ತಿತು. ಅಮೆರಿಕದ ಕಾರ್ಮಿಕ ಕಾನೂನಿನಲ್ಲಿ ಇದು ಇಂದಿಗೂ ಮೂಲಭೂತ ತತ್ತ್ವ.

ಉದ್ಯೋಗದಲ್ಲಿ ತಾರತಮ್ಯವನ್ನು ತಡೆಯಲು ರಚಿತವಾಗಿದ್ದ ಸರ್ಕಾರಿ ಸಮಿತಿಗೆ ಅವರು 1944ರಲ್ಲಿ ಸದಸ್ಯರಾದರು. ವಾಷಿಂಗ್ಟನ್ನಿನ ಸಾರಿಗೆ ಕಂಪನಿಯು ಕಪ್ಪು ಚಾಲಕರನ್ನು ನೇಮಿಸಿಕೊಳ್ಳದೆ ಇದ್ದಾಗ, ಅದರ ವಿರುದ್ಧ ಸಮಿತಿಯು ಹೊರಡಿಸಬೇಕೆಂದಿದ್ದ ಆದೇಶವನ್ನು ಅಧ್ಯಕ್ಷ ಟ್ರೂಮನ್ ತಡೆದರು. 1945ರ ಡಿಸೆಂಬರ್‌ನಲ್ಲಿ ಹ್ಯೂಸ್ಟನ್ ರಾಜೀನಾಮೆಯಿತ್ತು ಹೊರಬಂದರು. ಹೆಸರಿಗಷ್ಟೇ ಇರುವ ಸ್ಥಾನ ಅವರಿಗೆ ಬೇಕಾಗಿರಲಿಲ್ಲ. 1948ರಲ್ಲಿ, ಕಪ್ಪು ಜನರಿಗೆ ಮನೆ ಮಾರಬಾರದೆಂದು ಕ್ರಯಪತ್ರಗಳಲ್ಲಿ ಸೇರಿಸುತ್ತಿದ್ದ ಷರತ್ತುಗಳನ್ನು ನ್ಯಾಯಾಲಯಗಳು ಜಾರಿಗೊಳಿಸಬಾರದೆಂಬ ತೀರ್ಪನ್ನೂ ವಾಷಿಂಗ್ಟನ್ನಿನ ಮೊಕದ್ದಮೆಯಲ್ಲಿ ಗಳಿಸಿದರು.

ಕೊನೆಯ ದಿನಗಳು ಮತ್ತು ಫಲ

ವಾಷಿಂಗ್ಟನ್ನಿನ ಕಪ್ಪು ಮಕ್ಕಳ ತಂದೆತಾಯಿಗಳ ಗುಂಪೊಂದು ಕ್ಷೌರಿಕರಾಗಿದ್ದ ಗಾರ್ಡ್ನರ್ ಬಿಷಪ್ ಎಂಬವರ ಮುಂದಾಳತ್ವದಲ್ಲಿ ಶಾಲೆಗಳ ದುಃಸ್ಥಿತಿಯ ವಿರುದ್ಧ ಎದ್ದು ನಿಂತಾಗ, ಅವರಿಗೆ ಕಾನೂನಿನ ನೆರವಿತ್ತವರು ಹ್ಯೂಸ್ಟನ್. ಅಷ್ಟರಲ್ಲಿ ಹೃದಯರೋಗ ಅವರನ್ನು ಹಾಸಿಗೆಗೆ ತಳ್ಳಿತು. ಕೆಲಸವನ್ನು ಹೋವರ್ಡ್‌ನ ಪ್ರಾಧ್ಯಾಪಕ ಜೇಮ್ಸ್ ನ್ಯಾಬ್ರಿಟ್ ಅವರಿಗೆ ವಹಿಸಿಕೊಟ್ಟರು. 1950ರ ಏಪ್ರಿಲ್ 22ರಂದು, 54ನೆಯ ವಯಸ್ಸಿನಲ್ಲಿ ಕೊನೆಯುಸಿರೆಳೆದರು. ಆಗ ಮಗ ಇನ್ನೂ ಎಳೆಯ ಬಾಲಕ. ತಾನು ಅವನನ್ನು ಬಿಟ್ಟು ಓಡಿಹೋಗಲಿಲ್ಲ, ಅವನಿಗೂ ಅವನಂಥವರಿಗೂ ಹೆಚ್ಚಿನ ಅವಕಾಶ ದೊರೆಯಲೆಂದು ಹೋರಾಡುತ್ತಲೇ ಹೋದೆನೆಂದು ತಿಳಿಸುವ ಸಂದೇಶವೊಂದನ್ನು ಅವನಿಗಾಗಿ ಬಿಟ್ಟುಹೋಗಿದ್ದರು.

ಅವರು ತೀರಿಕೊಂಡ ಆರು ವಾರಗಳಲ್ಲಿ, 1950ರ ಜೂನ್ 5ರಂದು, ಟೆಕ್ಸಾಸ್ ಮತ್ತು ಓಕ್ಲಹೋಮ ರಾಜ್ಯಗಳ ಉನ್ನತ ಶಿಕ್ಷಣಕ್ಕೆ ಸಂಬಂಧಿಸಿದ ಎರಡು ಮೊಕದ್ದಮೆಗಳಲ್ಲಿ ಅವರ ವಾದಕ್ರಮವೇ ಗೆದ್ದಿತು. 1954ರ ಮೇ 17ರಂದು ಬ್ರೌನ್ ಮೊಕದ್ದಮೆಯಲ್ಲಿ ಒಂಬತ್ತೂ ನ್ಯಾಯಮೂರ್ತಿಗಳು ಒಮ್ಮತದಿಂದ, ಶಿಕ್ಷಣದಲ್ಲಿ ಪ್ರತ್ಯೇಕತೆಯೇ ಅಸಮಾನತೆ ಎಂದು ಸಾರಿದರು. ಅಲ್ಲಿ ಮುಂಚೂಣಿಯಲ್ಲಿ ನಿಂತವರು ಥರ್ಗುಡ್ ಮಾರ್ಷಲ್. ಅದರೊಡನೆ ಸೇರಿದ್ದ ವರ್ಜೀನಿಯದ ಮೊಕದ್ದಮೆಯನ್ನು ನಡೆಸಿದವರು ಹೋವರ್ಡ್‌ನಲ್ಲಿ ಓದಿದ ಆಲಿವರ್ ಹಿಲ್ ಮತ್ತು ಸ್ಪಾಟ್ಸ್‌ವುಡ್ ರಾಬಿನ್ಸನ್. ಅದೇ ದಿನ ತೀರ್ಪಾದ ವಾಷಿಂಗ್ಟನ್ನಿನ ಮೊಕದ್ದಮೆಯನ್ನು ವಾದಿಸಿದವರಲ್ಲಿ ಮುಖ್ಯರು ನ್ಯಾಬ್ರಿಟ್. ಮಾರ್ಷಲ್ 1967ರಲ್ಲಿ ಸರ್ವ���ಚ್ಚ ನ್ಯಾಯಾಲಯದ ಮೊದಲ ಕಪ್ಪು ನ್ಯಾಯಮೂರ್ತಿಯಾದರು. ಹೇಸ್ಟಿ ಮತ್ತು ರಾಬಿನ್ಸನ್ ಇಬ್ಬರೂ ಬೇರೆ ಬೇರೆ ಕಾಲದಲ್ಲಿ ಹೋವರ್ಡ್ ಕಾನೂನು ಶಾಲೆಯ ಡೀನ್ ಆಗಿ, ಫೆಡರಲ್ ನ್ಯಾಯಾಧೀಶರೂ ಆದರು. ತಮ್ಮ ಗುರು ಹಾಕಿಕೊಟ್ಟ ಬುನಾದಿಯ ಮೇಲೆ ತಾವು ನಡೆದೆವೆಂದು ಮಾರ್ಷಲ್ ಜೀವನಪೂರ್ತಿ ಹೇಳುತ್ತಿದ್ದರು. ಹೋವರ್ಡ್ ಕಾನೂನು ಶಾಲೆಯ ಮುಖ್ಯ ಕಟ್ಟಡಕ್ಕೆ ಇಂದು ಹ್ಯೂಸ್ಟನ್ನರ ಹೆಸರಿದೆ.

ಸ್ಮರಣೆಯ ಸಾರ

ಹ್ಯೂಸ್ಟನ್ ಡೀನ್ ಹುದ್ದೆಯ ಕಾರ್ಯವನ್ನು ನಿರ್ವಹಿಸಿದ್ದು ಆರು ವರ್ಷ ಮಾತ್ರ. ಆ ಅವಧಿಯಲ್ಲಿ ಅವರು ಹೊಸ ಕೋರ್ಸುಗಳ ಸಂಖ್ಯೆಯನ್ನಾಗಲಿ ವಿದ್ಯಾರ್ಥಿಗಳ ಸಂಖ್ಯೆಯನ್ನಾಗಲಿ ಸಾಧನೆಯೆಂದು ಎಣಿಸಲಿಲ್ಲ. ಈ ಶಾಲೆಯಿಂದ ಹೊರಬಂದವನು ಯಾರ ಪರವಾಗಿ ನಿಲ್ಲುತ್ತಾನೆ, ನಿಂತಾಗ ಗೆಲ್ಲಬಲ್ಲನೇ ಎಂಬ ಎರಡು ಪ್ರಶ್ನೆಗಳನ್ನು ಅವರು ಮುಂದಿಟ್ಟುಕೊಂಡರು. ಅನ್ಯಾಯದ ಅರಿವು ಇದ್ದವನಿಗೆ ವಿದ್ಯೆಯ ಶಿಸ್ತು ಬೇಕು, ವಿದ್ಯೆಯ ಶಿಸ್ತು ಇದ್ದವನಿಗೆ ಅನ್ಯಾಯದ ಅರಿವು ಬೇಕು; ಎರಡನ್ನೂ ಒಂದೇ ಕೋಣೆಯಲ್ಲಿ ಕಲಿಸಿದ್ದು ಅವರ ಹೆಚ್ಚುಗಾರಿಕೆ.

ಸಂಜೆ ಶಾಲೆಯನ್ನು ಮುಚ್ಚಿದ ಅವರ ನಿರ್ಧಾರದ ಬಗೆಗೆ ಓದುಗರು ತಮ್ಮದೇ ಅಭಿಪ್ರಾಯಕ್ಕೆ ಬರಬಹುದು. ವಿದ್ಯಾಸಂಸ್ಥೆಯನ್ನು ನಡೆಸುವ ಯಾರಿಗೇ ಆಗಲಿ ಬಡವನ ಪ್ರವೇಶ ಮತ್ತು ಕಲಿಕೆಯ ಗುಣಮಟ್ಟ ಎರಡೂ ಪವಿತ್ರ. ಎರಡನ್ನೂ ಉಳಿಸಿಕೊಳ್ಳುವ ದಾರಿಯೆಂದರೆ ದುಡಿಯದೆ ಓದಲಾರದವನಿಗೆ ಶುಲ್ಕ, ಊಟ, ವಸತಿಗಳ ಆಸರೆ ಒದಗಿಸಿ ಹಗಲಿನ ತರಗತಿಯಲ್ಲಿ ಕೂರಿಸುವುದು. ಹ್ಯೂಸ್ಟನ್ನರ ಕಾಲದಲ್ಲಿ ಆ ಆಸರೆ ಎಲ್ಲರಿಗೂ ಸಿಗಲಿಲ್ಲ. ಮಾರ್ಷಲ್ ಅವರ ತಾಯಿ ಉಂಗುರವನ್ನು ಒತ್ತೆಯಿಡಬೇಕಾಯಿತು. ಒತ್ತೆಯಿಡಲು ಉಂಗುರವೂ ಇಲ್ಲದ ಮನೆಯ ಮಗುವಿಗೆ ಆಸರೆಯಾಗುವುದು ಸಮಾಜದ ಹೊಣೆ.